ಸಾರಾಂಶದಲ್ಲಿ ನಾಯಿ ಇಲ್ಲ

"‘ಮಲೆಗಳಲ್ಲಿ ಮದುಮಗಳು’ ಮುಗಿಯಿತು" ಎಂದ ಸೀನಿ, ಕಿವಿಯ ಇಯರ್‌ಫೋನ್ ಕಿತ್ತು ಜೇಬಿಗಿಳಿಸುತ್ತಾ.

"ಯಾವಾಗ ಶುರು ಮಾಡಿದ್ದೆ?" ಶಂಕ್ರಣ್ಣ ಕೇಳಿದರು.

"ಆ ಗೇಟಿನ ಹತ್ತಿರ."

ಕುಕ್ಕರಹಳ್ಳಿ ಕೆರೆಯ ಆ ಗೇಟಿಂದ ನಮ್ಮ ಬೆಂಚಿಗೆ ಬಿರುಸಾಗಿ ನಡೆದರೆ ಕಾಲು ಗಂಟೆ. ಅಷ್ಟರಲ್ಲಿ 700 ಪುಟ ಖಲಾಸ್. ಅದೇ ಪುಸ್ತಕವನ್ನು ಯುಗಾದಿಗೆ ತೆರೆದ ಶಂಕ್ರಣ್ಣ, ಗೌರಿ ಹಬ್ಬ ಬಂದರೂ ಕಾಡಿನಿಂದ ಹೊರಗೆ ಬಂದಿರಲಿಲ್ಲ.

"ಆಪ್ ಇದೆ ಶಂಕ್ರಣ್ಣ. ಯಾವ ಪುಸ್ತಕವಾದರೂ ಹದಿನೈದು ನಿಮಿಷ. ಸಾರಾಂಶ, ಜೊತೆಗೆ ಕಲಿಯಬೇಕಾದ ಐದು ಪಾಠ. ನಾನು ಒಂದೂವರೆ ಪಟ್ಟು ಸ್ಪೀಡಿನಲ್ಲಿ ಕೇಳಿದೆ, ಹತ್ತೇ ನಿಮಿಷ. ಉಳಿದ ಐದು ನಿಮಿಷಕ್ಕೆ ‘ಕಾನೂರು ಹೆಗ್ಗಡಿತಿ’ ಶುರು ಮಾಡಿದ್ದೇನೆ."

"ಪಾಠ ಏನೇನಂತೆ?" ಪುಟ್ಟಸ್ವಾಮಿಗೆ ಕಡ್ಲೆಕಾಯಿ ಸುಲಿಯುವಾಗ ಜ್ಞಾನದ ಹಸಿವು ಜಾಸ್ತಿ.

"ಒಂದನೇ ಪಾಠ, ಗುರಿಯ ಮೇಲೆ ಗಮನವಿಡಿ. ಗುತ್ತಿ ಅನ್ನುವವನು ತಿಮ್ಮಿಯನ್ನು ಕರೆತರಬೇಕೆಂದು ಹೊರಡುತ್ತಾನಂತೆ. ಏನೇ ಅಡ್ಡ ಬಂದರೂ..."

"ಗುತ್ತಿಗೆ? ಗುರಿಯ ಮೇಲೆ ಗಮನ?" ಶಂಕ್ರಣ್ಣ ಕನ್ನಡಕ ತೆಗೆದರು. "ಸಿಂಬಾವಿಯಿಂದ ಬೆಟ್ಟಳ್ಳಿಗೆ ಹೊರಟವನು ಅವನು. ದಾರಿಯಲ್ಲಿ ಸಿಕ್ಕ ಮನೆ, ಸಿಕ್ಕ ಮನುಷ್ಯ, ಸಿಕ್ಕ ಹರಟೆ ಯಾವುದನ್ನೂ ಬಿಡುವ ಗಿರಾಕಿಯಲ್ಲ. ಅವನು ಗುರಿ ನೋಡಿಕೊಂಡು ನೆಟ್ಟಗೆ ನಡೆದಿದ್ದರೆ ಕುವೆಂಪು ನಾಲ್ಕನೇ ಪುಟಕ್ಕೇ ಪೆನ್ನು ಮುಚ್ಚಿಡಬೇಕಾಗಿತ್ತು. ಅದಿರಲಿ, ಹುಲಿಯನ ವಿಷಯ ಏನು ಹೇಳಿದರು?"

"ಯಾವ ಹುಲಿ?"

"ಹುಲಿ ಅಲ್ಲವೋ, ಹುಲಿಯ. ನಾಯಿ."

"ಅದರಲ್ಲಿ ನಾಯಿ ಇದೆಯಾ?"

ಪುಟ್ಟಸ್ವಾಮಿ ಕಡ್ಲೆಕಾಯಿ ಸುಲಿಯುವುದು ನಿಲ್ಲಿಸಿದ. ಪುಸ್ತಕ ಓದದ ಅವನಿಗೂ ಹುಲಿಯ ಗೊತ್ತು.

"ಸಾರಾಂಶದಲ್ಲಿ ನಾಯಿ ಇಲ್ವಾ?" ಶಂಕ್ರಣ್ಣನ ದನಿ ಏರಿತು. ವಾಕಿಂಗಿನ ಇಬ್ಬರು ತಿರುಗಿ ನೋಡಿದರು.

"ಇಲ್ಲ. ಮುಖ್ಯ ಪಾತ್ರಗಳನ್ನಷ್ಟೇ ಹೇಳುತ್ತಾರೆ."

"ಮುಖ್ಯ ಪಾತ್ರ! ಕುವೆಂಪು ಬಾಗಿಲಲ್ಲೇ ಬೋರ್ಡು ಹಾಕಿದ್ದಾರೆ. ‘ಇಲ್ಲಿ ಯಾರೂ ಮುಖ್ಯರಲ್ಲ; ಯಾರೂ ಅಮುಖ್ಯರಲ್ಲ; ಯಾವುದೂ ಯಃಕಶ್ಚಿತವಲ್ಲ!’ ನಿನ್ನ ಆಪು ಆ ಬೋರ್ಡನ್ನೂ ಓದದೆ ಒಳಗೆ ನುಗ್ಗಿ, ಮೊದಲು ನಾಯಿಯನ್ನು ಆಚೆಗೆ ಅಟ್ಟಿದೆ. ಅವನನ್ನು ಜನ ಕರೆಯುವುದೇ ನಾಯಿಗುತ್ತಿ ಅಂತ. ನಾಯಿ ತೆಗೆದರೆ ಅವನ ಅರ್ಧ ಹೆಸರೇ ಹೋಯಿತಲ್ಲೋ!"

"ಬೀಸೆಕಲ್ಲಾದರೂ ಐತೇನಯ್ಯಾ?" ಪುಟ್ಟಸ್ವಾಮಿ ಆತಂಕದಿಂದ ಕೇಳಿದ.

"ರಾಗಿ ಬೀಸುವುದಾ?"

"ಬೈಸಿಕಲ್ಲು ಕಣಯ್ಯ. ಆ ಜನ ಅದಕ್ಕೆ ಹಂಗಂತಾರೆ."

ಸೀನಿ ಫೋನು ಕೆದಕಿದ. "ಇಲ್ಲಿದೆ ನೋಡಿ, ‘ಮಲೆನಾಡಿಗೆ ಆಧುನಿಕತೆಯ ಪ್ರವೇಶ.’ ಇದೇ ಇರಬೇಕು."

"ಆಧುನಿಕತೆ ಬರಲಿಲ್ಲ ಕಣೋ, ಬೀಸೆಕಲ್ಲು ಬಂತು" ಎಂದರು ಶಂಕ್ರಣ್ಣ. "ಜನ ಬಾಯಿ ಬಿಟ್ಟುಕೊಂಡು ನೋಡಿದ್ದು ಅದನ್ನ. ಆಧುನಿಕತೆಯ ಮೇಲೆ ಯಾರಾದರೂ ಹತ್ತಿ ಕೂತು ಗಂಟೆ ಬಾರಿಸುವುದಕ್ಕೆ ಆಗುತ್ತಾ?"

ಪುಟ್ಟಸ್ವಾಮಿಯ ಪಾಂಡಿತ್ಯವೆಲ್ಲ ರಂಗಾಯಣದ್ದು. 2010ರಲ್ಲಿ ಈ ಕಾದಂಬರಿಯನ್ನು ಇಲ್ಲೇ ನಾಟಕ ಮಾಡಿದರಲ್ಲ, ಒಂಬತ್ತು ಗಂಟೆಯದು, ರಾತ್ರಿಯಿಂದ ಬೆಳಗಿನ ಜಾವದವರೆಗೆ. ಮಂಡ್ಯದಿಂದ ಭಾವಮೈದನನ್ನೂ ಕರೆಸಿಕೊಂಡು, ಕಂಬಳಿ ಹೊದ್ದು, ಒಂದು ರಂಗದಿಂದ ಇನ್ನೊಂದಕ್ಕೆ ಜನರ ಹಿಂದೆ ಎದ್ದೆದ್ದು ಹೋಗಿದ್ದ. ಮಧ್ಯೆ ನಿದ್ದೆ ಮಾಡಿದನಂತೆ. "ಎದ್ದು ನೋಡ್ತೀನಿ, ಇನ್ನೂ ನಡೀತಾನೇ ಅವ್ನೆ ಗುತ್ತಿ! ಯಾರೂ ನಮ್ಮನ್ನ ಬಿಟ್ಟು ಹೋಗಿರಲಿಲ್ಲ ಕಣ್ರೀ" ಎಂದ. ಈ ಮಾತಿನಲ್ಲಿ ಇರುವ ವಿಮರ್ಶೆ ದೊಡ್ಡ ದೊಡ್ಡ ಲೇಖನಗಳಲ್ಲಿ ನನಗೆ ಸಿಕ್ಕಿಲ್ಲ.

"ಒಂಬತ್ತು ಗಂಟೆ!" ಸೀನಿ ಲೆಕ್ಕ ಹಾಕಿದ. "ಎರಡು ಪಟ್ಟು ಸ್ಪೀಡಿಗೆ ಇಟ್ಟರೆ ನಾಲ್ಕೂವರೆ."

"ಆಗ ಬೆಳಕು ಹರಿಯುವುದೂ ರಾತ್ರಿ ಒಂದು ಗಂಟೆಗೇ ಹರಿಯುತ್ತಾ?" ಎಂದರು ಶಂಕ್ರಣ್ಣ.

"ಅದಲ್ಲ ಶಂಕ್ರಣ್ಣ, ನನಗೆ ಗುರಿ ಇದೆ. ಈ ವರ್ಷ 100 ಪುಸ್ತಕ. ಇದು 83ನೆಯದು." ಫೋನಿನಲ್ಲಿ ಒಂದು ಹಸಿರು ಪಟ್ಟಿ ತೋರಿಸಿದ. ಕುವೆಂಪು ಅದರೊಳಗೆ ಕೂದಲೆಳೆಯಷ್ಟು ಜಾಗ ಹಿಡಿದಿದ್ದರು. "ಬೇಗ ಬೇಗ ಮುಗಿಸಬೇಕು. ಟೈಮ್ ಎಲ್ಲಿದೆ?"

"ಟೈಮ್ ಅವರಿಗೆ ಇತ್ತಾ? ‘ಕಾನೂರು’ 1936, ‘ಮದುಮಗಳು’ 1967. ನಡುವೆ 31 ವರ್ಷ. ಸುಮ್ನೆ ಕೂತಿದ್ದರಾ? ರಾಮಾಯಣ ಬರೆದರು, ಪಾಠ ಮಾಡಿದರು, ಯೂನಿವರ್ಸಿಟಿಗೆ ವೈಸ್ ಚಾನ್ಸಲರ್ ಆದರು, ಮಾನಸಗಂಗೋತ್ರಿ ಕಟ್ಟಿದರು, ಈ ಕೆರೆ ಏರಿಯ ಮೇಲೆ ವಾಕಿಂಗೂ ಮಾಡಿದರು. ಹೆಜ್ಜೆ ಎಣಿಸಿಕೊಂಡಿದ್ದು ಮಾತ್ರ ಎಲ್ಲೂ ದಾಖಲಾಗಿಲ್ಲ."

ಅಲ್ಲಿಂದ ಮಾತು ಹೆಜ್ಜೆ ಎಣಿಸುವ ವಾಚಿಗೆ ಹೋಯಿತು. ಪುಟ್ಟಸ್ವಾಮಿಯ ವಾಚು ಅವನು ಕಡ್ಲೆಕಾಯಿ ಸುಲಿದದ್ದನ್ನೂ ಹೆಜ್ಜೆ ಅಂತ ಬರೆದುಕೊಂಡಿತ್ತು. ಅಷ್ಟರಲ್ಲಿ ವಿಶಾಲಕ್ಕ ತಮ್ಮ ಸುತ್ತು ಮುಗಿಸಿ ಬಂದರು, ಬಂದವರೇ ಗಂಡ ಶಂಕ್ರಣ್ಣನ ಕೈಯಲ್ಲಿದ್ದ ಕೊಡೆ ನೋಡಿದರು.

"ನೋಡಿ, ಇವತ್ತೂ ತಂದಿದ್ದಾರೆ. ಏಪ್ರಿಲ್ ಬಿಸಿಲಲ್ಲೂ ಹೀಗೇ ಮಾಡಿದರು. ಪುಸ್ತಕದಲ್ಲಿ ಮಳೆ ಬಂದರೆ ಮೈಸೂರಲ್ಲಿ ಕೊಡೆ ಹಿಡಿಯುತ್ತಾರೆ. ಮೊನ್ನೆ ಹಾಲು ಉಕ್ಕಿ ಒಲೆಯೆಲ್ಲ ಹರಿದಿದೆ, ಎಲ್ಲಿದ್ದೀರಿ ಅಂತ ಕೂಗಿದರೆ ‘ಹುಲಿಕಲ್ಲು ನೆತ್ತಿಯಲ್ಲಿ’ ಅಂದರು. ಮೊಮ್ಮಗಳ ನಾಮಕರಣದ ಕಾರ್ಡಿನ ಹಿಂದೆ ಯಾರು ಯಾರ ಮನೆಯವರು ಅಂತ ವಂಶಾವಳಿ ಬರೆದುಕೊಂಡಿದ್ದಾರೆ. ನಮ್ಮ ಚಿಕ್ಕಪ್ಪನ ಮಕ್ಕಳ ಹೆಸರು ಕೇಳಿ, ಒಂದೂ ಗೊತ್ತಿಲ್ಲ. ಹಳೆಮನೆ ಸುಬ್ಬಣ್ಣ ಹೆಗ್ಗಡೆಯ ಹಂದಿಗಳ ಕ್ಷೇಮಸಮಾಚಾರ ಕೇಳಿ, ಹೇಳುತ್ತಾರೆ."

"ನಿಮ್ಮ ಚಿಕ್ಕಪ್ಪನ ಬಗ್ಗೆ ಕುವೆಂಪು ಬರೆದಿದ್ದರೆ ಗೊತ್ತಿರುತ್ತಿತ್ತು."

"ಹಂಗಾದ್ರೆ ನನ್ನ ಹೆಂಡ್ತಿ ಕಡೆಯೋರಿಗೆ ಒಂದು ಆಪ್ ಮಾಡ್ಸಪ್ಪ ಸೀನಿ" ಎಂದ ಪುಟ್ಟಸ್ವಾಮಿ. "ಹದಿನೈದು ನಿಮಿಷ ಬ್ಯಾಡ. ಎರಡು ಸಾಕು."

ಎಲ್ಲರೂ ನಕ್ಕರು. ಶಂಕ್ರಣ್ಣ ಮಾತ್ರ ಕನ್ನಡಕ ಒರೆಸುತ್ತಲೇ ಇದ್ದರು.

"ಸೀನಿಯನ್ನು ಬೈದು ಏನು ಪ್ರಯೋಜನ?" ಎಂದರು. "ನಾವು ಕಾಲೇಜಿಗೆ ಹೋಗುವಾಗ ಒಂಟಿಕೊಪ್ಪಲಿನಲ್ಲಿ ಕುವೆಂಪು ಮನೆ ‘ಉದಯರವಿ’ಯ ಮುಂದೆ ಸೈಕಲ್ ನಿಧಾನ ಮಾಡಿಕೊಂಡು ಹೋಗುತ್ತಿದ್ದೆವು. ಒಳಗೆ ಇದ್ದಾರೆ ಅನ್ನುವುದೇ ಸಾಕಾಗಿತ್ತು. ರಾತ್ರಿ ಪುಸ್ತಕ ಹಿಡಿದರೆ ಊಟಕ್ಕೆ ಕರೆದದ್ದೂ ಕೇಳಿಸುತ್ತಿರಲಿಲ್ಲ. ಅವರೂ ಧಾರಾಳಿ. ಮಲೆಯ ಕಥೆ ಹೇಳುತ್ತಾ ಹೇಳುತ್ತಾ 1893ರ ಚಿಕಾಗೋದಲ್ಲಿ ವಿವೇಕಾನಂದರು ಏನು ಮಾಡುತ್ತಿದ್ದಾರೆ ಅಂತಲೂ ಒಮ್ಮೆ ತೋರಿಸಿ ವಾಪಸ್ ಕರೆತರುತ್ತಾರೆ. ಎಷ್ಟು ದೂರ ಹೋದರೂ ದಾರಿ ತಪ್ಪಿತು ಅಂತ ಭಯ ಆಗುತ್ತಿರಲಿಲ್ಲ. ಈಗ ಎರಡು ಪುಟಕ್ಕೊಮ್ಮೆ ನನ್ನ ಕೈಯೂ ಫೋನಿನ ಕಡೆ ಹೋಗುತ್ತೆ. ಯಾರದೋ ಗುಡ್ ಮಾರ್ನಿಂಗ್ ಹೂವು ಬಂದಿರುತ್ತೆ. ಅದನ್ನು ನೋಡಿ ತಿರುಗಿ ಬರುವಷ್ಟರಲ್ಲಿ ಕಾಡು ಬರೀ ಅಕ್ಷರವಾಗಿ ಕೂತಿರುತ್ತೆ. ಮತ್ತೆ ಹಿಂದಿನ ಪುಟದಿಂದ ನಡೆಯಬೇಕು."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಸೀನಿಗೆ ಮೌನ ಆಗಿಬರುವುದಿಲ್ಲ.

"ಅಲ್ಲ, ಕೊನೆಗೆ ಆ ನಾಯಿಗೆ ಏನಾಗುತ್ತೆ?"

"ತುಂಗೆ ತುಂಬಿ ಹರಿಯುತ್ತಿರುತ್ತಾಳೆ..." ವಿಶಾಲಕ್ಕ ಶುರು ಮಾಡಿದರು.

"ವಿಶಾಲೂ, ಬೇಡ" ಎಂದರು ಶಂಕ್ರಣ್ಣ. "ನಾನಿನ್ನೂ ಅಲ್ಲಿಗೆ ಬಂದಿಲ್ಲ."

"ಮದುವೆಗೆ ಮುಂಚೆಯೇ ಓದಿದವರು ಇವರು! ಎಷ್ಟು ಸಲ ಓದಿದ್ದಾರೋ ಲೆಕ್ಕವಿಲ್ಲ. ಮೊದಲನೇ ಸಲ ಬಿಟ್ಟರೆ ಒಮ್ಮೆಯೂ ಮುಗಿಸಿಲ್ಲ. ಕೊನೆಯ ಪುಟಗಳು ಹತ್ತಿರ ಬಂದವು ಅಂದರೆ ಸಾಕು, ಪುಸ್ತಕ ಬೀರು ಹತ್ತಿ ಕೂರುತ್ತೆ."

"ಯಾಕೆ?" ಎಂದ ಸೀನಿ.

"ಹುಲಿಯ ಆರಾಮಾಗಿ ಇರಲಿ ಅಂತ" ಎಂದರು ಶಂಕ್ರಣ್ಣ, ಕೆರೆಯ ಕಡೆ ನೋಡುತ್ತಾ.

ಸೀನಿ ಯೋಚಿಸಿದ. ಒಂದು ಸಲ ಫೋನು ನೋಡಿದ, ಒಂದು ಸಲ ಶಂಕ್ರಣ್ಣನನ್ನು ನೋಡಿದ.

"ಆದರೆ ಶಂಕ್ರಣ್ಣ, ಮುಗಿಸದಿದ್ದರೆ ಲೆಕ್ಕಕ್ಕೆ ಬರುವುದಿಲ್ಲ. ನೀವು ಈ ವರ್ಷ ಬೇರೆ ಯಾವುದೂ ಓದಿಲ್ಲ ಅಲ್ವಾ? ಹಾಗಾದರೆ ನಿಮ್ಮದು ಸೊನ್ನೆ."

"ಬರೆದುಕೋ" ಎಂದು ಶಂಕ್ರಣ್ಣ ಕೊಡೆ ಹಿಡಿದು ಎದ್ದರು. "ದುಂಡಗೆ ಬರಿ. ಅವಸರದಲ್ಲಿ ಸೊಟ್ಟ ಮಾಡಬೇಡ."