ಸಹಾಯ ಬೇಕು: ವಾಟರ್‌ಲೂ ಕೆಸರು ಕೆಸರಿನ ಹಾಗೆ ಕಾಣುತ್ತಿಲ್ಲ

ಎಲ್ಲರಿಗೂ ನಮಸ್ಕಾರ. 28 ಮಿ.ಮೀ. ಅಳತೆಯ ಪುಟ್ಟ ಗೊಂಬೆ ಸೈನಿಕರ ಆಟಕ್ಕೆ, ನೆಪೋಲಿಯನ್ ಸೋತ ವಾಟರ್‌ಲೂ ಯುದ್ಧಭೂಮಿಯ ಒಂದು ತುಂಡಿನ ಮಾದರಿ ಮಾಡುತ್ತಿದ್ದೇನೆ. ಲಾ ಹೇ ಸ್ಯಾಂತ್ ತೋಟದ ಮನೆ, ಹಿಂದೆ ದಿಬ್ಬದ ಮೇಲಿನ ಮಣ್ಣುದಾರಿ, ಸುತ್ತ ರೈ (ಗೋಧಿಯಂಥ ಧಾನ್ಯ) ಹೊಲ. ಮನೆ ಚೆನ್ನಾಗಿ ಬಂದಿದೆ. ತೊಂದರೆ ಇರೋದು ನೆಲದಲ್ಲಿ.

1815ರ ಜೂನ್ 17ರ ರಾತ್ರಿಯಿಡೀ ಅಲ್ಲಿ ಮಳೆ ಸುರಿದಿತ್ತು. ಮರುದಿನದ ಯುದ್ಧದಲ್ಲಿ ಎಷ್ಟೋ ಫಿರಂಗಿ ಗುಂಡುಗಳು ಪುಟಿಯದೆ ಮೆತ್ತನೆ ನೆಲದಲ್ಲೇ ಹೂತುಹೋದವು. ಹಾಗಾಗಿ ಈ ಕೆಸರು ಸುಮ್ನೆ ಅಲಂಕಾರ ಅಲ್ಲ, ಯುದ್ಧದ ಕಥೆಯೇ ಅದರಲ್ಲಿದೆ ಅಲ್ವಾ?

ಫೋಮ್ ಹಲಗೆಯ ಮೇಲೆ ಮರದ ಗೋಂದು, ಮರಳು ಕಲಸಿ ಹಚ್ಚಿದೆ. ಹಸಿ ಇದ್ದಾಗಲೇ ಗಾಡಿಯ ಚಕ್ರ ಉರುಳಿಸಿ ಜಾಡು ಮೂಡಿಸಿದೆ. ಕಡು ಕಂದು ಬಳಿದು, ಮೇಲೆ ಒಣ ಬ್ರಷ್‌ನಿಂದ ತಿಳಿ ಬಣ್ಣ ಸವರಿದರೆ ಬೇಸಿಗೆಯ ಧೂಳಿನಂತೆ ಕಂಡಿತು. ಹೊಳಪಿನ ವಾರ್ನಿಷ್ ಹಾಕಿದರೆ ಇಡೀ ದಾರಿ ಪ್ಲಾಸ್ಟಿಕ್! ಹೊಳಪು ಜಾಡಿನ ಗುಂಡಿಗಳಲ್ಲಿ ಮಾತ್ರ ಇರಬೇಕೇ? ಅಂಚು ಒಣಗುತ್ತಿರುವಂತೆ ತೋರಿಸೋದು ಹೇಗೆ?

ರೈಗೆ ತೆಂಗಿನ ನಾರಿನ ಕಾಲೊರಸು ಕತ್ತರಿಸಿ ಅಂಟಿಸಿದ್ದೇನೆ. ಆಳೆತ್ತರದ ಪೈರಿಗೆ ಅದು ಸರಿ. ಆದರೆ ಕುದುರೆಗಳು ತುಳಿದು ಮಲಗಿಸಿದ ಜಾಗ ಬೇಕು, ನಾರು ಒತ್ತಿದರೂ ಮತ್ತೆ ಎದ್ದು ನಿಲ್ಲುತ್ತದೆ.

ಇನ್ನೊಂದು, ಗೋಂದು ಒಣಗಿದ ಮೇಲೆ ಹಲಗೆಯ ಮೂಲೆಗಳು ಮೇಲಕ್ಕೆ ಬಾಗಿವೆ. ಹಿಂಬದಿಗೂ ಗೋಂದು ಬಳಿದರೆ ನೇರ ಆಗುತ್ತದಾ, ಅಥವಾ ಪ್ಲೈವುಡ್‌ಗೆ ಅಂಟಿಸಲೇಬೇಕಾ? ಮಾಡಿ ನೋಡಿದವರು ದಯವಿಟ್ಟು ಹೇಳಿ. ನಿಮ್ಮ ಕೆಸರಿನ ಫೋಟೋ ಇದ್ದರೆ ಹಾಕಿ, ಬಣ್ಣ ಹಚ್ಚಿದ ಕ್ರಮವನ್ನೂ ಬರೆಯಿರಿ.