ಸೇಂಟ್ ಆಂಡ್ರ್ಯೂಸ್‌ನ ಓಲ್ಡ್ ಕೋರ್ಸ್‌ನಲ್ಲಿ ಆಡಲು ಒಬ್ಬಂಟಿ ಆಟಗಾರನಿಗೆ ದಾರಿ ಯಾವುದು?

ಮೈಸೂರಿನ ಹವ್ಯಾಸಿ:
ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಹನ್ನೆರಡು ವರ್ಷಗಳಿಂದ ಗಾಲ್ಫ್ ಆಡುತ್ತಿದ್ದೇನೆ. ಈಗ ನನ್ನ ಹ್ಯಾಂಡಿಕ್ಯಾಪ್ (ಆಟದ ಮಟ್ಟ ಸೂಚಿಸುವ ಅಂಕ, ಕಡಿಮೆಯಿದ್ದಷ್ಟೂ ಒಳ್ಳೆಯದು) 21. ಕಳೆದ ವರ್ಷ ನಿವೃತ್ತನಾದ ಮೇಲೆ, ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ಗೆ ಹೋಗಿ ಓಲ್ಡ್ ಕೋರ್ಸ್‌ನಲ್ಲಿ ಒಮ್ಮೆಯಾದರೂ ಆಡಬೇಕೆಂಬ ಬಹುದಿನದ ಆಸೆಯನ್ನು ಈಡೇರಿಸಿಕೊಳ್ಳಲು ನಿರ್ಧರಿಸಿದ್ದೇನೆ. ಬರುವ ಜೂನ್‌ನಲ್ಲಿ ಪತ್ನಿಯೊಂದಿಗೆ ಎಂಟು ದಿನಗಳ ಪ್ರವಾಸ. ಅವರು ಆಡುವವರಲ್ಲ, ಹೀಗಾಗಿ ಆಟಗಾರ ನಾನೊಬ್ಬನೇ. ಆಡುವ ಸಮಯವನ್ನು ಮೊದಲೇ ಖಚಿತಪಡಿಸಿಕೊಡುವುದಾಗಿ ಒಂದು ಪ್ರವಾಸ ಸಂಸ್ಥೆ ಹೇಳಿದೆಯಾದರೂ, ಅದು ಕೇಳುತ್ತಿರುವ ಮೊತ್ತ ನಮ್ಮಿಬ್ಬರ ವಿಮಾನ ಟಿಕೆಟ್‌ಗಿಂತ ಹೆಚ್ಚು. ಅಷ್ಟು ಕೊಡದೆ ಆಡುವುದು ಸಾಧ್ಯವೇ? ಚೆಂಡು ಹೊಡೆಯುವ ಕ್ಲಬ್‌ಗಳನ್ನು ಇಲ್ಲಿಂದಲೇ ಒಯ್ಯಬೇಕೇ? ಇಲ್ಲಿನ ಅಭ್ಯಾಸ ಅಲ್ಲಿ ಎಷ್ಟರ ಮಟ್ಟಿಗೆ ನೆರವಾಗುತ್ತದೆ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಡಂಡಿ ನಿವಾಸಿ:
ಖಂಡಿತ ಸಾಧ್ಯ. ಓಲ್ಡ್ ಕೋರ್ಸ್ ಯಾವುದೋ ಖಾಸಗಿ ಕ್ಲಬ್ಬಿನ ಆಸ್ತಿಯೆಂದು ನಮ್ಮಲ್ಲಿ ಅನೇಕರು ಭಾವಿಸಿದ್ದಾರೆ. ಅದು ಸಾರ್ವಜನಿಕ ಭೂಮಿ. 1974ರಲ್ಲಿ ಬ್ರಿಟಿಷ್ ಸಂಸತ್ತಿನ ಕಾಯಿದೆಯಡಿ ರಚನೆಯಾದ ಟ್ರಸ್ಟ್ ಒಂದು ಅದನ್ನೂ ಊರಿನ ಇತರ ಆರು ಕೋರ್ಸ್‌ಗಳನ್ನೂ ನೋಡಿಕೊಳ್ಳುತ್ತದೆ. ಇಬ್ಬರಿಂದ ನಾಲ್ವರವರೆಗಿನ ತಂಡಗಳಿಗೆ ನಿತ್ಯವೂ ಚೀಟಿ ಎತ್ತುವ ವ್ಯವಸ್ಥೆಯಿದ್ದು, ಅದನ್ನು ಅಲ್ಲಿ ಬ್ಯಾಲಟ್ ಎನ್ನುತ್ತಾರೆ. ಆಡಬೇಕಾದ ದಿನಕ್ಕೆ ಎರಡು ದಿನ ಮೊದಲು, ಮಧ್ಯಾಹ್ನ 2 ಗಂಟೆಯೊಳಗೆ ಹೆಸರು ಕೊಟ್ಟರೆ ಅಂದೇ ಸಂಜೆ ಫಲಿತಾಂಶ ತಿಳಿಯುತ್ತದೆ.

ನಿಮ್ಮಂತೆ ಒಬ್ಬರೇ ಬರುವವರಿಗೆ ಬೇರೆ ದಾರಿಯಿದೆ. ಕೆಲವು ವರ್ಷಗಳ ಹಿಂದಿನವರೆಗೂ ಒಂಟಿ ಆಟಗಾರರು ನಡುರಾತ್ರಿಯಿಂದಲೇ ಚಳಿಯಲ್ಲಿ ಕೋರ್ಸ್‌ನ ಓಲ್ಡ್ ಪೆವಿಲಿಯನ್ ಕಟ್ಟಡದ ಎದುರು ಸಾಲುಗಟ್ಟಿ ನಿಲ್ಲುತ್ತಿದ್ದರು. ಆ ಕಷ್ಟವನ್ನು ತಪ್ಪಿಸಲು 2024ರಿಂದ ಅವರಿಗೂ ಚೀಟಿ ಎತ್ತುವ ಪದ್ಧತಿ ಬಂದಿದೆ. ಹಿಂದಿನ ದಿನ ಸಂಜೆ 5 ಗಂಟೆಯೊಳಗೆ ಖುದ್ದಾಗಿ ಹೋಗಿ ನೋಂದಾಯಿಸಿದರೆ, ಇಬ್ಬರು ಅಥವಾ ಮೂವರಿರುವ ತಂಡಗಳಲ್ಲಿ ಉಳಿದ ಜಾಗವನ್ನು ಹೆಸರು ಬಂದವರಿಗೆ ಕೊಡುತ್ತಾರೆ. ದೂರದ ಎಡಿನ್‌ಬರೋದಲ್ಲಿ ತಂಗಿ ದಿನವೂ ಓಡಾಡುವವರಿಗೆ ಇದು ಹೊಂದುವುದಿಲ್ಲ. ಊರಿನಲ್ಲೇ ಕೋಣೆ ಹಿಡಿಯಿರಿ. ಹತ್ತಿರದ ರೈಲು ನಿಲ್ದಾಣ ಲೂಕರ್ಸ್. ಅಲ್ಲಿಂದ ಬಸ್ಸಿನಲ್ಲಿ ಬರಬಹುದು. ಹ್ಯಾಂಡಿಕ್ಯಾಪ್ ಪ್ರಮಾಣಪತ್ರವನ್ನು ಮರೆಯದೆ ತನ್ನಿ. ಶುಲ್ಕವೇ 300 ಪೌಂಡ್ ಮೀರುತ್ತದೆ ಎಂಬುದು ಲೆಕ್ಕದಲ್ಲಿರಲಿ.

ಬೆಂಗಳೂರಿನ ಆಟಗಾರ್ತಿ:
ಸರ್, ನಾನೂ ನನ್ನ ಯಜಮಾನರೂ ಹೋಗಿದ್ದಾಗ ಮೂರು ದಿನ ಬ್ಯಾಲಟ್‌ನಲ್ಲಿ ನಮ್ಮ ಹೆಸರು ಬರಲಿಲ್ಲ. ನಾಲ್ಕನೆಯ ದಿನ ಬಂತು. ಆ ಮೂರು ದಿನಗಳು ವ್ಯರ್ಥವಾದವೆಂದು ನನಗೆ ಒಮ್ಮೆಯೂ ಅನಿಸಿಲ್ಲ. 1895ರ ನ್ಯೂ ಕೋರ್ಸ್‌ನಲ್ಲಿ ಒಂದು ದಿನ, ಸಮುದ್ರದಂಚಿನ ಕ್ರೇಲ್‌ನಲ್ಲಿ ಒಂದು ದಿನ ಆಡಿದೆವು. ಅಲ್ಲಿನ ನೆಲವೂ ಗಾಳಿಯೂ ಅಷ್ಟರಲ್ಲಿ ಅಭ್ಯಾಸವಾಗಿರದಿದ್ದರೆ ಓಲ್ಡ್ ಕೋರ್ಸ್ ನನಗೆ ಅರ್ಥವೇ ಆಗುತ್ತಿರಲಿಲ್ಲ.

ನಿಮ್ಮ ಮೂರನೆಯ ಪ್ರಶ್ನೆಯೇ ಮುಖ್ಯವೆಂದು ನನಗೆ ತೋರುತ್ತದೆ. ಮೈಸೂರು ಸಮುದ್ರಮಟ್ಟದಿಂದ ಏಳುನೂರು ಮೀಟರಿಗಿಂತ ಎತ್ತರದಲ್ಲಿದ್ದು, ಇಲ್ಲಿನ ಬೆಚ್ಚಗಿನ ತೆಳುಗಾಳಿಯಲ್ಲಿ ಚೆಂಡು ತುಸು ಹೆಚ್ಚೇ ಹಾರುತ್ತದೆ. ಅಲ್ಲಿ ಕಡಲ ಮಟ್ಟದ ತಣ್ಣನೆಯ ದಟ್ಟ ಗಾಳಿ. ಅದೇ ಕ್ಲಬ್ಬಿನಿಂದ ಹೊಡೆದ ಚೆಂಡು ಮೊದಲೇ ಬೀಳುತ್ತದೆ. ಆದರೆ ಬಿದ್ದ ಮೇಲೆ ನಿಲ್ಲುವುದಿಲ್ಲ, ಮರಳಿನ ಮೇಲಿನ ಗಟ್ಟಿ ಹುಲ್ಲಿನಲ್ಲಿ ಉರುಳುತ್ತಲೇ ಹೋಗುತ್ತದೆ. ಎತ್ತರಕ್ಕೆ ಹೊಡೆದು ಗ್ರೀನ್ (ಗುಳಿಯ ಸುತ್ತಲಿನ ನುಣುಪು ಹುಲ್ಲು) ಮೇಲೆ ಇಳಿಸುವ ನಮ್ಮ ರೂಢಿಯನ್ನು ಬಿಟ್ಟು, 7 ಅಥವಾ 8ರ ಐರನ್ ಕ್ಲಬ್ಬಿನಿಂದ ನೆಲಕ್ಕೆ ಸಮೀಪವಾಗಿ ಚೆಂಡನ್ನು ಓಡಿಸುವುದನ್ನು ಈಗಿನಿಂದಲೇ ಅಭ್ಯಾಸ ಮಾಡಿ. ಗ್ರೀನ್‌ನ ಹೊರಗಿನಿಂದಲೂ ಪಟರ್ (ಚೆಂಡನ್ನು ಉರುಳಿಸುವ ಕ್ಲಬ್) ಬಳಸಲು ಹಿಂಜರಿಯಬೇಡಿ. ಹದಿನೆಂಟರಲ್ಲಿ ಹದಿನಾಲ್ಕು ಹೋಲ್‌ಗಳು ಎರಡೆರಡಾಗಿ ಒಂದೇ ಗ್ರೀನ್ ಹಂಚಿಕೊಳ್ಳುವುದರಿಂದ ಪಟ್, ಅಂದರೆ ಗ್ರೀನ್ ಮೇಲೆ ಉರುಳಿಸುವ ಹೊಡೆತ, ಬಹಳ ಉದ್ದವಿರಬಹುದು. ಹುಲ್ಲಿನ ಹೆಂಟೆ ಜೋಡಿಸಿ ಕಟ್ಟಿದ ಬಂಕರ್ (ಮರಳುಗುಂಡಿ) ಗೋಡೆಗಳ ಎದುರು ಹಟ ಮಾಡದೆ, ಪಕ್ಕಕ್ಕೋ ಹಿಂದಕ್ಕೋ ಹೊಡೆದು ಹೊರಬನ್ನಿ. ನಾನು ಹಟ ಹಿಡಿದು ಒಂದೇ ಬಂಕರಿನಲ್ಲಿ ನಾಲ್ಕು ಹೊಡೆತ ಕಳೆದುಕೊಂಡೆ.

ಚೀಲ ಹೊತ್ತು ದಾರಿ ತೋರಿಸುವ ಕ್ಯಾಡಿಯನ್ನು ಗೊತ್ತುಮಾಡಿಕೊಳ್ಳಿ. ಅನೇಕ ಬಂಕರುಗಳು ಟೀ (ಮೊದಲ ಹೊಡೆತದ ಜಾಗ) ಮೇಲಿನಿಂದ ಕಾಣಿಸುವುದೇ ಇಲ್ಲ. ಬಗ್ಗಿ (ಗಾಲ್ಫ್ ಮೈದಾನದ ಪುಟ್ಟ ಗಾಡಿ) ಸಿಗುವುದಿಲ್ಲ, ನಡೆದೇ ಆಡಬೇಕು. ಆದ್ದರಿಂದ ಹೊರಲು ಹಗುರವಾದ ಚೀಲವಿರಲಿ. ನಮ್ಮ ಕ್ಲಬ್ಬುಗಳ ಚೀಲವನ್ನು ವಿಮಾನಯಾನ ಸಂಸ್ಥೆ ಎರಡು ದಿನ ತಡವಾಗಿ ತಲುಪಿಸಿದ್ದರಿಂದ ಮೊದಲ ಆಟವನ್ನು ಬಾಡಿಗೆ ಕ್ಲಬ್ಬುಗಳಲ್ಲಿ ಆಡಬೇಕಾಯಿತು. ನಾನು ಮತ್ತೆ ಹೋದರೆ ಬಾಡಿಗೆಯನ್ನೇ ನೆಚ್ಚಿಕೊಂಡು, ನನ್ನ ಪಟರ್ ಮತ್ತು ಶೂಗಳನ್ನು ಮಾತ್ರ ಚೆಕ್-ಇನ್ ಪೆಟ್ಟಿಗೆಯಲ್ಲಿ ಒಯ್ಯುತ್ತೇನೆ. ಮಳೆಯಂಗಿ ಮಾತ್ರ ಒಳ್ಳೆಯದೇ ಇರಲಿ.

ಹುಬ್ಬಳ್ಳಿಯ ಓದುಗ:
ನನ್ನ ಅಭಿಪ್ರಾಯ ಸ್ವಲ್ಪ ಭಿನ್ನ. ಇನ್ನೊಮ್ಮೆ ಹೋಗುವ ಅವಕಾಶವಿಲ್ಲದವರು ಎಂಟು ದಿನಗಳ ಪ್ರವಾಸವನ್ನು ಚೀಟಿಯ ಮೇಲೆ ಬಿಡುವುದು ಕಷ್ಟವೇ. ಖಚಿತ ಸಮಯ ಕೊಳ್ಳುವುದಾದರೆ, ಆ ಪ್ರವಾಸ ಸಂಸ್ಥೆ ಟ್ರಸ್ಟ್‌ನಿಂದ ಅಧಿಕೃತ ಮಾನ್ಯತೆ ಪಡೆದಿದೆಯೇ ಎಂಬುದನ್ನು ವಿಚಾರಿಸದೆ ಮುಂಗಡ ಕೊಡಬೇಡಿ. ಅಗ್ಗವೆಂದು ಚಳಿಗಾಲಕ್ಕೆ ಮುಂದೂಡುವುದೂ ಬೇಡ. ಆಗ ಫೇರ್‌ವೇಯಲ್ಲಿ (ಟೀಯಿಂದ ಗ್ರೀನ್‌ವರೆಗಿನ ಹುಲ್ಲುಹಾದಿಯಲ್ಲಿ) ಚೆಂಡನ್ನು ಪುಟ್ಟ ಚಾಪೆಯ ಮೇಲಿಟ್ಟು ಹೊಡೆಯಬೇಕಾಗುತ್ತದೆ. ವೀಸಾ ಅರ್ಜಿಯನ್ನು ಪ್ರಯಾಣಕ್ಕೆ ಮೂರು ತಿಂಗಳ ಮುಂಚೆಯಷ್ಟೇ ಸಲ್ಲಿಸಲು ಸಾಧ್ಯ. ಮಾರ್ಚ್ ಹೊತ್ತಿಗೆ ಕಾಗದಪತ್ರಗಳು ಸಿದ್ಧವಿರಲಿ.

ಮೈಸೂರಿನ ಹವ್ಯಾಸಿ:
ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಎಂಟರಲ್ಲಿ ಆರು ರಾತ್ರಿ ಸೇಂಟ್ ಆಂಡ್ರ್ಯೂಸ್‌ನಲ್ಲೇ ತಂಗಿ, ದಿನವೂ ಹೆಸರು ಕೊಡಲು ನಿರ್ಧರಿಸಿದ್ದೇನೆ. ಒಂದು ಸಂಗತಿ ಮಾತ್ರ ಉಳಿದಿದೆ. ನನ್ನ ಈ ಆಸೆಯನ್ನು ಇಷ್ಟು ವರ್ಷ ಕೇಳಿಸಿಕೊಂಡಿರುವ ಪತ್ನಿ, ಆಡದಿದ್ದರೂ ಆ ಮೈದಾನವನ್ನು ಹತ್ತಿರದಿಂದ ನೋಡಬಹುದೇ?

ಡಂಡಿ ನಿವಾಸಿ:
ನೋಡುವುದಷ್ಟೇ ಅಲ್ಲ, ನಡೆದಾಡಬಹುದು. ಭಾನುವಾರ ಓಲ್ಡ್ ಕೋರ್ಸ್‌ನಲ್ಲಿ ಸಾಮಾನ್ಯವಾಗಿ ಆಟವಿರುವುದಿಲ್ಲ. ಊರಿನವರು ಮಕ್ಕಳೊಂದಿಗೆ, ನಾಯಿಗಳೊಂದಿಗೆ ಅಲ್ಲಿ ವಿಹಾರಕ್ಕೆ ಬರುತ್ತಾರೆ. ಹದಿನೆಂಟನೆಯ ಹೋಲ್‌ನಲ್ಲಿರುವ ಸ್ವಿಲ್ಕನ್ ತೊರೆಯ ಪುಟ್ಟ ಕಲ್ಲುಸೇತುವೆಯನ್ನು ಅಂದು ಇಬ್ಬರೂ ಒಟ್ಟಿಗೆ ದಾಟಬಹುದು. ಜೂನ್‌ನಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ. ಆರು ರಾತ್ರಿಗಳಲ್ಲಿ ಒಂದು ಭಾನುವಾರ ಸೇರುವಂತೆ ಕೋಣೆ ಕಾಯ್ದಿರಿಸಿ.