ಆಗಸ್ಟ್ ಬಿಸಿಲಲ್ಲಿ ರಾಕ್‌ರೋಸ್ ಬಾಡುತ್ತಿದೆ, ಮಣ್ಣು ಮಾತ್ರ ಒದ್ದೆ. ಏನು ಮಾಡಲಿ?

ಹಿತ್ತಲಗಿಡ (ಸ್ಯಾನ್ ಹೋಸೆ, ಕ್ಯಾಲಿಫೋರ್ನಿಯಾ):

ಎಲ್ಲರಿಗೂ ನಮಸ್ಕಾರ. ಮನೆ ಮುಂದಿನ ಲಾನ್ ತೆಗೆಸಿ, ನೀರು ಕಡಿಮೆ ಬೇಡುವ ಗಿಡ ಹಾಕಿದ್ದೇವೆ. ಅದರಲ್ಲಿ ಮೂರು ರಾಕ್‌ರೋಸ್ ಪೊದೆ, ಸಿಸ್ಟಸ್ ಪರ್ಪ್ಯೂರಿಯಸ್ ಅನ್ನುವ ತಳಿ. ಏಪ್ರಿಲ್‌ನಲ್ಲಿ ನೆಟ್ಟಿದ್ದು. ಮೇ ತಿಂಗಳಿಡೀ ಮೈತುಂಬ ಹೂ. ಗುಲಾಬಿ ಮಿಶ್ರಿತ ನೇರಳೆ, ಐದೂ ದಳಗಳ ಬುಡದಲ್ಲಿ ಒಂದೊಂದು ಕಡುಗೆಂಪು ಮಚ್ಚೆ. ಬೆಳಿಗ್ಗೆ ಅರಳಿದ ಹೂ ಅವತ್ತೇ ಉದುರುತ್ತಿತ್ತು, ಮರುದಿನ ಮತ್ತೆ ಹೊಸದು.

ಈಗ ನಡುವಿನ ಗಿಡದ ಎಲೆ ಬೂದು ತಿರುಗಿ ಜೋತುಬಿದ್ದಿದೆ. ಒಂದು ಕಡೆಯ ಕೊಂಬೆ ಪೂರ್ತಿ ಒಣಗಿದೆ. ಬಿಸಿಲು 35 ಡಿಗ್ರಿ ದಾಟುತ್ತಿದೆ. ಡ್ರಿಪ್ ದಿನ ಬಿಟ್ಟು ದಿನ ಓಡುತ್ತದೆ, ಬಾಡಿದ್ದು ನೋಡಿ ಕೈಯಿಂದಲೂ ನೀರು ಹಾಕುತ್ತಿದ್ದೇನೆ. ಏನೂ ಚೇತರಿಕೆ ಇಲ್ಲ. ಎಲೆ ಮುಟ್ಟಿದರೆ ಅಂಟು ಅಂಟು. ಹೇನು ಬಿದ್ದಿದೆಯಾ? ಬೇವಿನೆಣ್ಣೆ ಹೊಡೆಯಲಾ?

ಕೆಮ್ಮಣ್ಣು (ಸ್ಯಾಕ್ರಮೆಂಟೊ):

ಮೊದಲು ಕೈಯಿಂದ ನೀರು ಹಾಕೋದು ನಿಲ್ಲಿಸಿ, ದಯವಿಟ್ಟು. ಡ್ರಿಪ್ಪನ್ನೂ ಆಫ್ ಮಾಡಿ. ಬೇವಿನೆಣ್ಣೆ ಬೇಡ.

ಆಮೇಲೆ ಇಷ್ಟು ನೋಡಿ ಹೇಳಿ. ಬುಡದಿಂದ ಒಂದು ಗೇಣು ದೂರದಲ್ಲಿ ಅರ್ಧ ಅಡಿ ಅಗೆದರೆ ಮಣ್ಣು ಹೇಗಿದೆ? ವಾಸನೆ ಬರುತ್ತಾ? ಡ್ರಿಪ್ ಬಾಯಿ ಎಲ್ಲಿದೆ, ಕಾಂಡದ ಪಕ್ಕದಲ್ಲೇನಾ? ಇನ್ನೊಂದು ಮುಖ್ಯ. ಕಾಂಡ ಮಣ್ಣಿಗೆ ತಾಗುವ ಜಾಗದಲ್ಲಿ ಉಗುರಿನಿಂದ ತೊಗಟೆ ಸ್ವಲ್ಪ ಕೆರೆಯಿರಿ. ಸುತ್ತಲೂ ನಾಲ್ಕೈದು ಕಡೆ. ಒಳಗಿನ ಬಣ್ಣ ಏನು?

ಹಿತ್ತಲಗಿಡ:

ಅಗೆದೆ. ಮೇಲೆ ಒಣಗಿದ ಹಾಗಿದೆ, ನಾಲ್ಕು ಬೆರಳು ಕೆಳಗೆ ಹೋದರೆ ಜೇಡಿ, ಕೈಯಲ್ಲಿ ಉಂಡೆ ಕಟ್ಟಬಹುದು. ಹುಳಿ ವಾಸನೆ. ಡ್ರಿಪ್ ಬಾಯಿ ಕಾಂಡಕ್ಕೆ ಅಂಟಿಕೊಂಡೇ ಇದೆ. ಮೇಲೆ ಮರದ ಚಕ್ಕೆ ದಪ್ಪಗೆ ಹಾಸಿದೆ. ನೆಡುವಾಗ ಗುಂಡಿಗೆ ಎರಡು ಚೀಲ ಕಾಂಪೋಸ್ಟ್ ಹಾಕಿದ್ದರು. ತೊಗಟೆ ಒಂದು ಕಡೆ ಕಂದು, ಒಳಗೆ ತೇವ. ಒಣಗಿದ ಕೊಂಬೆಯೂ ಅದೇ ಕಡೆಯದು. ಉಳಿದ ಕಡೆ ಹಸಿರಿದೆ. ಪಕ್ಕದ ಎರಡು ಗಿಡಗಳಲ್ಲಿ ಸುತ್ತಲೂ ಹಸಿರು.

ಕೆಮ್ಮಣ್ಣು:

ಹಾಗಾದರೆ ಇದು ಬೇರು-ಬುಡ ಕೊಳೆ ರೋಗವೇ. ಬಹುತೇಕ ಫೈಟಾಫ್ತೊರಾ ಅನ್ನುವ, ಶಿಲೀಂಧ್ರದಂಥ ರೋಗಾಣು. ನಮ್ಮ ಅಡಿಕೆ ತೋಟದ ಕೊಳೆರೋಗ ಕೇಳಿದ್ದೀರಲ್ಲ, ಅದೇ ಕುಲ. ಮಣ್ಣು ಒದ್ದೆಯಾಗಿ ಬೆಚ್ಚಗಿದ್ದರೆ ಅದರ ಬೀಜಾಣುಗಳು ನೀರಲ್ಲಿ ಈಜಿಕೊಂಡು ಬೇರಿಗೆ ಬರುತ್ತವೆ. ಬೇರು ಕೊಳೆತರೆ ನೀರು ಮೇಲೇರುವುದಿಲ್ಲ. ಸುತ್ತ ನೀರಿದ್ದರೂ ಗಿಡ ಬಾಯಾರಿ ಬಾಡುತ್ತದೆ. ಅದನ್ನು ನೋಡಿ ನಾವು ಇನ್ನಷ್ಟು ಸುರಿಯುತ್ತೇವೆ. ಸಿಸ್ಟಸ್ ಸಾಯೋದು ಜಾಸ್ತಿ ಹೀಗೇ.

ಈ ಗಿಡದ ತವರು ಮೆಡಿಟರೇನಿಯನ್ ಸುತ್ತಲಿನ ಕಲ್ಲುಗುಡ್ಡಗಳು. ಅಲ್ಲಿ ಮಳೆ ಚಳಿಗಾಲದಲ್ಲಿ, ಬೇಸಿಗೆ ಪೂರ್ತಿ ಒಣ. ಬೇಸಿಗೆ ಅದಕ್ಕೆ ಬೆಳೆಯುವ ಕಾಲವೇ ಅಲ್ಲ, ತಡೆದುಕೊಂಡು ಕೂರುವ ಕಾಲ. ಆಗ ಬೇರಿನ ಹತ್ತಿರ ಬಿಸಿ ಮತ್ತು ತೇವ ಎರಡೂ ಒಟ್ಟಿಗೆ ಸೇರಬಾರದು.

ಎಲೆಯ ಅಂಟು ಗಿಡದ್ದೇ. ಅದು ರಾಳ, ಪರಿಮಳ ಇರುತ್ತದೆ, ಮೂಸಿ ನೋಡಿ. ಲ್ಯಾಬ್ಡನಮ್ ಅಂತ ಸುಗಂಧ ದ್ರವ್ಯಗಳಲ್ಲಿ ಬಳಸುತ್ತಾರೆ. ಗ್ರೀಸ್‌ನ ಕ್ರೀಟ್ ದ್ವೀಪದಲ್ಲಿ ಉರಿಬಿಸಿಲ ಹೊತ್ತಲ್ಲೇ ಪೊದೆಗಳ ಮೇಲೆ ಚರ್ಮದ ಪಟ್ಟಿ ಕಟ್ಟಿದ ಕುಂಟೆ ಎಳೆದು ಇದನ್ನು ಕೂಡಿಸುತ್ತಾರೆ. ಹಿಂದೆ ಮೇಯಲು ಹೋದ ಆಡುಗಳ ಗಡ್ಡಕ್ಕೆ ಅಂಟಿದ್ದನ್ನು ಬಾಚಿ ತೆಗೆಯುತ್ತಿದ್ದರಂತೆ. ಅಂಥ ಬಿಸಿಲಿಗೆ ಹುಟ್ಟಿದ ಗಿಡ ಇದು. ನಿಮ್ಮ 35 ಡಿಗ್ರಿ ಅದಕ್ಕೆ ಲೆಕ್ಕವಲ್ಲ.

ಈಗ ಮಾಡಬೇಕಾದ್ದು. ಬುಡದಿಂದ ಮರದ ಚಕ್ಕೆ ಪೂರ್ತಿ ಸರಿಸಿ, ಕಾಂಡದ ಬುಡಕ್ಕೆ ಗಾಳಿಯಾಡಲಿ. ಆಮೇಲೆ ಬೇಕಿದ್ದರೆ ಜಲ್ಲಿ ಹಾಸಿ. ಡ್ರಿಪ್ ಬಾಯಿಗಳನ್ನು ಮೂರೂ ಗಿಡಗಳಲ್ಲಿ ಎಲೆ ಹರವಿನ ಅಂಚಿನಾಚೆಗೆ ತಳ್ಳಿ. ಅರ್ಧ ಅಡಿ ಕೆಳಗೂ ಮಣ್ಣು ಒಣಗುವ ತನಕ ಒಂದು ಹನಿಯೂ ಬೇಡ. ಗೊಬ್ಬರ ಈಗಲ್ಲ, ಯಾವತ್ತೂ ಬೇಡ. ಸತ್ವ ಹೆಚ್ಚಾದರೆ ಇದು ಉದ್ದುದ್ದ ಬೆಳೆದು ಬೇಗ ಮುಗಿಯುತ್ತದೆ. ಜೇಡಿಯಲ್ಲಿ ಗುಂಡಿ ತೋಡಿ ಕಾಂಪೋಸ್ಟ್ ತುಂಬಿದರೆ ಅದು ನೀರು ನಿಲ್ಲುವ ಬಾನಿ ಆಗುತ್ತದೆ, ಅಷ್ಟೇ.

ಪಕ್ಕದ ಎರಡು ಉಳಿಯುತ್ತವೆ ಅನ್ನುವ ನಂಬಿಕೆ ನನಗಿದೆ. ನೆಟ್ಟ ಮೊದಲ ಬೇಸಿಗೆ ಆದ್ದರಿಂದ ಪೂರ್ತಿ ಬಿಡಬೇಡಿ. ಮಣ್ಣು ಒಣಗಿದ ಮೇಲೆ ಎರಡು ವಾರಕ್ಕೊಮ್ಮೆ ಆಳಕ್ಕೆ ಇಳಿಯುವ ಹಾಗೆ, ಬೆಳಿಗ್ಗೆ ತಂಪಿನಲ್ಲಿ. ಮುಂದಿನ ಬೇಸಿಗೆ ತಿಂಗಳಿಗೊಮ್ಮೆ. ಅದರ ಮುಂದೆ ಸುಮ್ನೆ ಬಿಟ್ಟುಬಿಡಿ. ನಡುವಿನದ್ದು ಕಷ್ಟ. ಕಂದು ಬಣ್ಣ ಸುತ್ತು ಹಾಕಿದರೆ ಮುಗಿಯಿತು.

ಹಿತ್ತಲಗಿಡ:

ತುಂಬಾ ಥ್ಯಾಂಕ್ಸ್. ನಡುವಿನದ್ದನ್ನು ಬುಡದ ತನಕ ಕತ್ತರಿಸಿದರೆ ಹೊಸ ಚಿಗುರು ಬರಬಹುದಾ? ಊರಲ್ಲಿ ಅಮ್ಮ ಕಣಗಿಲೆಯನ್ನು ಹಾಗೇ ಮಾಡುತ್ತಾರೆ.

ಬೇಲಿಹೂ (ಫ್ರೀಮಾಂಟ್):

ಬೇಡ! ಕಣಗಿಲೆಯ ಮಾತೇ ಬೇರೆ. ಅದನ್ನು ನೆಲಮಟ್ಟಕ್ಕೆ ಕಡಿದರೂ ಹಳೇ ಕಟ್ಟಿಗೆಯಿಂದ ಚಿಗುರುತ್ತದೆ. ಇಲ್ಲಿನ ಹೈವೇ 99ರ ನಡುವೆ ಸಾಲಾಗಿ ಇರೋದೂ ಅದೇ ಕಣಗಿಲೆ. ಸಿಸ್ಟಸ್ ಹಾಗಲ್ಲ. ಎಲೆ ಇಲ್ಲದ ಹಳೇ ಕೊಂಬೆಗೆ ಕತ್ತರಿ ಹಾಕಿದರೆ ಅಲ್ಲಿಂದ ಚಿಗುರು ಬರುವುದಿಲ್ಲ. ಹೂ ಮುಗಿದ ಕೂಡಲೇ ತುದಿ ಚಿವುಟಿದರೆ ಸಾಕು, ಎಲೆ ಇರುವ ಭಾಗದಲ್ಲಿ ಮಾತ್ರ. ಒಣಗಿದ ಕೊಂಬೆಯನ್ನಷ್ಟೇ ತೆಗೆಯಿರಿ. ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿಯೇ ಪಕ್ಕದ ಗಿಡಕ್ಕೆ ಹೋಗಿ.

ಮಲ್ಲಿಗೆಬಳ್ಳಿ (ಬೆಂಗಳೂರು):

ನಡುವೆ ಬಾಯಿ ಹಾಕುತ್ತಿದ್ದೇನೆ, ಬೇಜಾರಿಲ್ಲ ಅಲ್ವಾ? ಬೆಂಗಳೂರಲ್ಲಿ ನೆಲಕ್ಕೆ ಹಾಕಬಹುದಾ ಇದನ್ನು?

ಕೆಮ್ಮಣ್ಣು:

ಖಂಡಿತ ಕೇಳಿ. ಆದರೆ ನಾನು ನೆಲಕ್ಕೆ ಹಾಕಿ ಅನ್ನುವುದಿಲ್ಲ. ನಿಮ್ಮಲ್ಲಿ ಮೇನಿಂದ ಅಕ್ಟೋಬರ್ ತನಕ ಮಳೆ, ಅದೂ ಬೆಚ್ಚಗಿನ ಮಣ್ಣಿಗೆ. ಇದಕ್ಕೆ ಆಗದ್ದು ಅದೇ. ಸೂರಿನಡಿ ಕುಂಡದಲ್ಲಿ ರೋಸ್‌ಮೆರಿ ಬೆಳೆಸಿ. ಅದೂ ಮೆಡಿಟರೇನಿಯನ್‌ನದೇ, ಇಷ್ಟು ಹಟ ಇಲ್ಲ.

ಹಿತ್ತಲಗಿಡ:

ನಡುವಿನದ್ದು ಹೋದರೆ ಅದೇ ಜಾಗಕ್ಕೆ ಇನ್ನೊಂದು ತರಲಾ?

ಕೆಮ್ಮಣ್ಣು:

ಅದೇ ಗುಂಡಿಗೆ ಬೇಡ, ರೋಗ ಮಣ್ಣಲ್ಲೇ ಉಳಿದಿರುತ್ತದೆ. ಎರಡು ಮೂರು ಅಡಿ ಸರಿದು ಒಂದಡಿ ಎತ್ತರದ ದಿಬ್ಬ ಮಾಡಿ, ಅಲ್ಲಿನ ಮಣ್ಣಿನಿಂದಲೇ. ಬೇರಿನ ಉಂಡೆ ದಿಬ್ಬದ ನೆತ್ತಿಯಲ್ಲಿ, ಸುತ್ತಲಿಗಿಂತ ಒಂದು ಬೆರಳು ಮೇಲಿರಲಿ. ಅಕ್ಟೋಬರ್ ಕೊನೆ, ನವೆಂಬರ್‌ನಲ್ಲಿ ನೆಡಿ. ಚಳಿಗಾಲದ ಮಳೆಯಲ್ಲಿ ಬೇರು ಇಳಿಯುತ್ತದೆ. ಚಿಕ್ಕ ಗಿಡ ತನ್ನಿ. ನೆಟ್ಟ ಮೇಲೆ ಜಾಗ ಬದಲಿಸಲು ಹೋಗಬೇಡಿ, ಬೇರು ಅಲುಗಿದರೆ ಸಹಿಸೋದಿಲ್ಲ.

ದುಡ್ಡು ಕೊಟ್ಟು ತರಲೇಬೇಕು ಅಂತಿಲ್ಲ. ಪಕ್ಕದ ಗಟ್ಟಿ ಗಿಡದಿಂದ ಈಗಲೇ ಹೂವಿಲ್ಲದ ತುದಿಗಳನ್ನು ಬೆರಳುದ್ದ ಕತ್ತರಿಸಿ. ಕೆಳಗಿನ ಎಲೆ ಬಿಡಿಸಿ, ಪರ್ಲೈಟ್ (ನೀರು ಬಸಿದುಹೋಗಲು ಬೆರೆಸುವ ಹಗುರ ಬಿಳಿ ಹರಳು) ಜಾಸ್ತಿ ಇರುವ ಮಿಶ್ರಣದಲ್ಲಿ ನೆರಳಿಗಿಡಿ. ಇದು ಎರಡು ಜಾತಿ ಕೂಡಿ ಆದ ಮಿಶ್ರತಳಿ. ಬೀಜ ಹಾಕಿದರೆ ಇದೇ ಹೂ ಬರುತ್ತೆ ಅನ್ನೋ ಹಾಗಿಲ್ಲ. ಕಡ್ಡಿಯೇ ದಾರಿ. ನಾಲ್ಕೈದು ಹಾಕಿ, ಎಲ್ಲವೂ ಹಿಡಿಯುವುದಿಲ್ಲ.